ಭಾಲ್ಕಿ ಸೀಮೆಯ ಮಣ್ಣಿನ ಗಢಿಗಳು

ಬೀದರ ಜಿಲ್ಲೆಯ ಇತಿಹಾಸವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಲ್ಲು. ಬಹಮನಿ ಸುಲ್ತಾನ ಅಹಮದ್ ಶಾಹನು 1429ರಿಂದ 1432ರವರೆಗೆ ಕಟ್ಟಿಸಿದ ಕೋಟೆ, ಸುಮಾರು 4500 ಗಜಗಳ ಅದರ ಸುತ್ತಳತೆ, ಜಂಬಿಟ್ಟಿಗೆ ಬಂಡೆಯಲ್ಲಿಯೇ ಕಡಿದು ಇಳಿಸಿದ ಮೂರು ಸಾಲಿನ ಕಂದಕ, 1472ರಲ್ಲಿ ಮುಗಿದ ಮಹಮೂದ ಗವಾನನ ಮದರಸ, ಅಷ್ಟೂರಿನ ಗುಮ್ಮಟಗಳು, ಇವನ್ನು ನೋಡದ ಶಾಲಾ ಪ್ರವಾಸವಿಲ್ಲ, ಬಣ್ಣಿಸದ ಪಠ್ಯಪುಸ್ತಕವಿಲ್ಲ. ಆದರೆ ಬೀದರದಿಂದ ಔರಾದಿಗೋ ಭಾಲ್ಕಿಗೋ ಹೋಗುವ ಮೋಟಾರಿನಲ್ಲಿ ತಾವು ಕಿಟಕಿಯ ಬದಿಗೆ ಕುಳಿತವರಾದರೆ ಇನ್ನೊಂದು ನೋಟವೂ ತಮ್ಮ ಕಣ್ಣಿಗೆ ಬಿದ್ದಿರಬೇಕು. ಹಳ್ಳಿಯ ಮಾಳಿಗೆಗಳ ಸಾಲಿನ ಮೇಲೆ, ಅವುಗಳಿಗಿಂತ ಎರಡಾಳು ಮೂರಾಳು ಎತ್ತರಕ್ಕೆ, ಬಿಳಿಬೂದು ಬಣ್ಣದ ಒಂದು ದಿಬ್ಬ. ಅದರ ಮೈಯೆಲ್ಲ ಮಳೆನೀರು ಕೊರೆದ ಗೆರೆಗಳು. ಮೂಲೆಯಲ್ಲಿ ದುಂಡಗೆ ಉಬ್ಬಿದ ಒಂದು ಮೊಂಡು ಗೋಪುರ. ನೆತ್ತಿಯ ಮೇಲೆ ಯಾರೂ ನೆಡದೆ ತಾನಾಗಿ ಹುಟ್ಟಿದ ಬೇವಿನ ಮರ. ಯಾರನ್ನಾದರೂ ಕೇಳಿದರೆ "ಗಢಿ ಐತ್ರೀ, ಹಾಳು ಬಿದ್ದೈತಿ" ಎಂದು ಒಂದು ಮಾತಿನಲ್ಲಿ ಮುಗಿಸುತ್ತಾರೆ. ಹುಡುಗರನ್ನು ಕೇಳಿದರೆ ಹೂಳಿಟ್ಟ ಹೊನ್ನಿನ ಕಥೆ ಹೇಳುತ್ತಾರೆ. ಅದನ್ನು ಕಾಯುವ ಸರ್ಪವೂ ಆ ಕಥೆಯಲ್ಲಿ ತಪ್ಪದೆ ಬರುತ್ತದೆ.

ಈ ಹಾಳುಗಢಿಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದೇ ಈ ಲೇಖನದ ಉದ್ದೇಶ. ಇವು ಅರಸರ ಕಟ್ಟಡಗಳಲ್ಲ. ಆದುದರಿಂದ ಅರಸರ ಚರಿತ್ರೆಯಲ್ಲಿ ಇವುಗಳಿಗೆ ಎಡೆ ಸಿಕ್ಕಲಿಲ್ಲ. ಆದರೆ ಈ ಸೀಮೆಯ ಒಕ್ಕಲಿಗನಿಗೆ ಅರಸನೆಂದರೆ ದೂರದ ಹೆಸರು. ಗಢಿಯೆಂದರೆ ಪ್ರತಿದಿನ ಕಣ್ಣೆದುರು ನಿಂತ ಸತ್ಯ.

ಮೊದಲು ಮಾತಿನ ವಿಚಾರ. ಗಢಿ ಎಂಬುದು ನಮ್ಮ ನೆರೆಯ ಮರಾಠಿ, ಹಿಂದಿಗಳಿಂದ ಬಂದ ಶಬ್ದ. ಅದು ಬಂದ ಮಾತ್ರಕ್ಕೆ ವಸ್ತುವೂ ಹೊರಗಿನಿಂದಲೇ ಬಂದಿತೆಂದು ಭಾವಿಸಬೇಕಾಗಿಲ್ಲ. ಕೋಟೆಯ ಅಂಗಾಂಗಗಳಿಗೆಲ್ಲ ಕನ್ನಡದಲ್ಲಿ ಅಚ್ಚ ಹೆಸರುಗಳಿವೆ. ಹಳಗನ್ನಡದ 'ಕೋಂಟೆ'ಯೇ ಇಂದಿನ ಕೋಟೆ. ಮೂಲೆಯ ದುಂಡು ಗೋಪುರ ಕೊತ್ತಳ. ಬಡಗಣ ಸೀಮೆಯಲ್ಲಿ ಅದೇ ಹುಡೆ. ಗೋಡೆಯ ನೆತ್ತಿಯ ಹಲ್ಲುಸಾಲು ತೆನೆ. ಊರಬಾಗಿಲು ಅಗಸಿ. ಸುತ್ತಲಿನ ಕಂದಕ ಅಗಳು. ಈ ಅಗಳು ಎಂಬ ಮಾತನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಅಗೆದದ್ದು ಅಗಳು. ಮಣ್ಣಿನ ಕೋಟೆಯಲ್ಲಿ ಅಗಳೂ ಗೋಡೆಯೂ ಅವಳಿಮಕ್ಕಳು. ಒಂದನ್ನು ಅಗೆದರೆ ಇನ್ನೊಂದು ಏಳುತ್ತದೆ. ತಗ್ಗಿನಿಂದ ತೆಗೆದ ಮಣ್ಣೇ ದಿಣ್ಣೆ. ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ.

ಈ ಉಪಾಯವು ಬಹು ಪುರಾತನವಾದುದು. ಕೌಟಿಲ್ಯನ ಅರ್ಥಶಾಸ್ತ್ರವು ದುರ್ಗಕ್ಕೆ ಒಂದರಾಚೆ ಒಂದಾಗಿ ಮೂರು ಅಗಳುಗಳನ್ನು ವಿಧಿಸುತ್ತದೆ. ಅವುಗಳ ಅಗಲ 14, 12, 10 ದಂಡ. ದಂಡವೆಂದರೆ ಹೆಚ್ಚು ಕಡಿಮೆ ಒಂದು ಮಾರು. ಹಾಗೆ ತೋಡಿದ ಮಣ್ಣನ್ನು ಒಟ್ಟಿ, ಆನೆ ಎತ್ತುಗಳಿಂದ ತುಳಿಸಿ, 6 ದಂಡ ಎತ್ತರದ, ಅದರ ಇಮ್ಮಡಿ ಅಗಲದ ದಿಣ್ಣೆಯನ್ನು ಮಾಡಬೇಕೆಂದೂ, ಅದರ ಮೈಮೇಲೆ ಮುಳ್ಳುಪೊದೆಗಳನ್ನೂ ವಿಷಬಳ್ಳಿಗಳನ್ನೂ ಬೆಳೆಸಬೇಕೆಂದೂ ಅಲ್ಲಿ ಹೇಳಿದೆ. ಇನ್ನು ನಮ್ಮ ಜಿಲ್ಲೆಯವರು ಹೆಮ್ಮೆಪಡಬೇಕಾದ ಇನ್ನೊಂದು ಗ್ರಂಥವಿದೆ. 12ನೆಯ ಶತಮಾನದ ಮೊದಲರ್ಧದಲ್ಲಿ ಕಲ್ಯಾಣದಿಂದ, ಎಂದರೆ ಇಂದಿನ ಬಸವಕಲ್ಯಾಣದಿಂದ, ರಾಜ್ಯವಾಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವೇ ಅದು. ಅವನು ಎಣಿಸುವ ಒಂಬತ್ತು ಬಗೆಯ ದುರ್ಗಗಳಲ್ಲಿ ಗಿರಿದುರ್ಗ, ಜಲದುರ್ಗ, ವನದುರ್ಗಗಳ ಜೊತೆಯಲ್ಲಿ ಮೃತ್ತಿಕಾದುರ್ಗವೂ ಒಂದು. ಮೃತ್ತಿಕೆಯೆಂದರೆ ಮಣ್ಣು. ಭಾಲ್ಕಿಯಿಂದ ಹೆಚ್ಚು ದೂರವಲ್ಲದ ಊರಿನಲ್ಲಿ ಕುಳಿತು ಆಳಿದ ಆ ಅರಸನು ಮಣ್ಣಿನ ಕೋಟೆಯನ್ನು ಬಡವರ ಕೋಟೆಯೆಂದು ತಳ್ಳಿಹಾಕದೆ ಶಾಸ್ತ್ರದೊಳಗೆ ಸೇರಿಸಿದ್ದಾನೆ. ಹೊರಜಗತ್ತಿನ ಮಾತೂ ಹೀಗೆಯೇ. 1066ರಲ್ಲಿ ಇಂಗ್ಲೆಂಡಿಗೆ ದಂಡೆತ್ತಿ ಬಂದ ನಾರ್ಮಂಡಿಯ ವಿಲಿಯಮನು ಅಲ್ಲಿ ಮೊದಲು ಎಬ್ಬಿಸಿದ್ದು ಕಲ್ಲಿನ ಕೋಟೆಗಳನ್ನಲ್ಲ, ಮಣ್ಣಿನ ದಿಬ್ಬ ಮತ್ತು ಮರದ ಬೇಲಿ. ನಮ್ಮ ಕೆಂಪೇಗೌಡನು 1537ರಲ್ಲಿ ಬೆಂಗಳೂರಿಗೆ ಹಾಕಿದ ಕೋಟೆಯೂ ಮಣ್ಣಿನದೇ. ಅದಕ್ಕೆ ಕಲ್ಲಿನ ಮೈ ಬಂದದ್ದು 1761ರಲ್ಲಿ, ಹೈದರಾಲಿಯ ಕಾಲದಲ್ಲಿ.

ಭಾಲ್ಕಿ ಔರಾದುಗಳ ನೆಲ ಬೀದರದ ನೆಲದಂತಲ್ಲ. ಬೀದರ ಪಟ್ಟಣವು ಕೆಂಪು ಜಂಬಿಟ್ಟಿಗೆಯ ಎತ್ತರದ ದಿಣ್ಣೆಯ ಮೇಲಿದೆ. ಕಡಿಯುವಾಗ ಮೆತ್ತಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಆ ಕಲ್ಲು ಕಾಲಕೆಳಗೇ ದೊರೆಯುತ್ತದೆ. ದಿಣ್ಣೆ ಇಳಿದು ಮಾಂಜರಾ, ಕಾರಂಜಾ ನದಿಗಳ ಬಯಲಿಗೆ ಬಂದರೆ ಕಪ್ಪು ಎರೆಭೂಮಿ, ಅದರಡಿಯಲ್ಲಿ ಉಳಿಗೆ ಬಗ್ಗದ ಕರಿಕಲ್ಲು. ಎರೆಮಣ್ಣಿನಿಂದ ಗೋಡೆ ಏಳುವುದಿಲ್ಲ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದು ಅದರ ಗುಣ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವ ಬಿರುಕುಗಳನ್ನು ತಾವು ನೋಡಿಯೇ ಇದ್ದೀರಿ. ಆದುದರಿಂದ ಗಢಿ ಕಟ್ಟುವವರು ಎರೆಯನ್ನು ಬಿಟ್ಟು, ಸುಣ್ಣದ ಅಂಶವಿರುವ ಬಿಳಿಮಣ್ಣನ್ನು ಆರಿಸಿಕೊಂಡರು. ಅದಕ್ಕೆ ಹೊಟ್ಟು ಬೆರೆಸಿ, ನೀರು ಹಾಯಿಸಿ, ತುಳಿದು, ಕೊಳೆಯಲು ಬಿಟ್ಟು, ಮತ್ತೆ ತುಳಿದು ಹದಕ್ಕೆ ತಂದು, ಮೊಳದಷ್ಟು ಎತ್ತರದ ಒಂದು ವರಸೆಯನ್ನು ಹಾಕುತ್ತಿದ್ದರು. ಅದು ಒಣಗುವವರೆಗೆ ಮೇಲಿನ ವರಸೆ ಇಲ್ಲ. ಕೆಳಗೆ ಹತ್ತು ಹದಿನೈದು ಅಡಿ ದಪ್ಪ, ಮೇಲೇರಿದಂತೆ ತೆಳುವು. ಬುಡವನ್ನು ನೀರು ತಿನ್ನದಂತೆ ಕರಿಕಲ್ಲಿನ ಪಾಯ. ಗಢಿಯ ಒಡೆದ ಮೈಯನ್ನು ಹತ್ತಿರದಿಂದ ನೋಡಿದರೆ ಈ ವರಸೆಗಳು ಹೋಳಿಗೆಯ ಪದರಗಳಂತೆ ಒಂದರ ಮೇಲೊಂದು ಕಾಣುತ್ತವೆ. ಎಷ್ಟು ಪದರವೋ ಅಷ್ಟು ಸಲದ ಕಾಯುವಿಕೆ. ಅವಸರದವರ ಕೆಲಸವಲ್ಲ ಅದು.

ಇಷ್ಟು ಶ್ರಮದಿಂದ ಎದ್ದ ಮಣ್ಣು ಫಿರಂಗಿಯ ಮುಂದೆ ನಿಲ್ಲುತ್ತಿತ್ತೇ ಎಂದು ತಾವು ಕೇಳಬಹುದು. ಉತ್ತರವು ನಮ್ಮ ಎಣಿಕೆಗೆ ವಿರುದ್ಧವಾಗಿದೆ. ಕಲ್ಲಿನ ಗೋಡೆಗೆ ಗುಂಡು ತಾಗಿದರೆ ಕಲ್ಲು ಸಿಡಿಯುತ್ತದೆ, ಸಂದು ಬಿಡುತ್ತದೆ, ನೆರೆಯ ಕಲ್ಲೂ ಅಲುಗುತ್ತದೆ. ಮಣ್ಣಿನ ಗೋಡೆಗೆ ತಾಗಿದ ಗುಂಡು ಅಲ್ಲೇ ಹುಗಿದುಕೊಳ್ಳುತ್ತದೆ. ರಾತ್ರಿ ನಾಲ್ಕು ಬುಟ್ಟಿ ಮಣ್ಣು ಮೆತ್ತಿದರೆ ಬೆಳಗಿಗೆ ಗೋಡೆ ಮೊದಲಿನಂತೆ. 1805ರ ಜನವರಿ ಫೆಬ್ರವರಿಗಳಲ್ಲಿ ಜನರಲ್ ಲೇಕನ ಇಂಗ್ಲಿಷ್ ಸೈನ್ಯವು ಭರತಪುರದ ಮಣ್ಣಿನ ಕೋಟೆಯ ಮೇಲೆ ನಾಲ್ಕು ಸಲ ಏರಿಹೋಗಿ ನಾಲ್ಕು ಸಲವೂ ಸೋತು, ಮೂರು ಸಾವಿರಕ್ಕೂ ಮಿಕ್ಕಿದ ಸಾವುನೋವುಗಳೊಡನೆ ಹಿಮ್ಮೆಟ್ಟಿತು. ಅಷ್ಟು ದೂರವೇಕೆ, ನಿಜಾಮನ ಸಂಸ್ಥಾನದಲ್ಲಿಯೇ, ಇಂದಿನ ನಾಂದೇಡ ಜಿಲ್ಲೆಯ ಕಡೆ ನೋವಾ ಎಂಬಲ್ಲಿ ಹಟಕರ ನಾಯಕ ನೌಸಾಜಿಯ ಪರವಾಗಿ ಅರಬ ಸಿಪಾಯಿಗಳು ಕಾದು ನಿಂತ ಗಢಿಯನ್ನು ಹಿಡಿಯಲು 1819ರ ಜನವರಿಯಲ್ಲಿ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿನ ಹೈದರಾಬಾದಿನ ಪಡೆ ಕ್ರಮವಾದ ಮುತ್ತಿಗೆಯನ್ನೇ ಹೂಡಬೇಕಾಯಿತು. ಆ ಒಂದು ಊರಿನ ಹೆಸರನ್ನು ಆ ದಂಡಿನವರು ತಮ್ಮ ನಿಶಾನಿಯ ಮೇಲೆ ಗೌರವಚಿಹ್ನೆಯಾಗಿ ಧರಿಸಿದರೆಂದರೆ ಗಢಿಯ ಬಲವನ್ನು ತಾವೇ ಊಹಿಸಿಕೊಳ್ಳಬಹುದು. ಇದಕ್ಕೆ ಪ್ರತಿಯಾಗಿ, ಬೀದರದ ಅಷ್ಟು ದೊಡ್ಡ ಕಲ್ಲಿನ ಕೋಟೆಯು 1657ರಲ್ಲಿ ಔರಂಗಜೇಬನ ವಶವಾಯಿತು. ಬುರುಜಿನ ಹತ್ತಿರ ಕೂಡಿಟ್ಟಿದ್ದ ಮದ್ದಿಗೆ ಕಿಡಿ ಬಿದ್ದು ಕಿಲ್ಲೇದಾರ ಸಿದ್ದಿ ಮರ್ಜಾನನು ಸುಟ್ಟು ಗಾಯಗೊಂಡು ಸತ್ತದ್ದೇ ಅದರ ಪತನಕ್ಕೆ ಕಾರಣ.

ಹಾಗಾದರೆ ಈ ಗಢಿಗಳ ಒಡೆಯರು ಯಾರು? ಬೀದರದಲ್ಲಿ ಸುಲ್ತಾನನೋ ಸುಬೇದಾರನೋ ಇರುತ್ತಿದ್ದ. ಹಳ್ಳಿಯಲ್ಲಿ ದೇಶಮುಖನೋ ಪಾಟೀಲನೋ. ಇವರಿಬ್ಬರ ನಡುವಿನ ಮೆಟ್ಟಿಲೇ ಜಹಗೀರುದಾರ. ಆ ಮೆಟ್ಟಿಲನ್ನು ಕಾಣಬೇಕಾದರೆ ಭಾಲ್ಕಿಗೆ ಹೋಗಬೇಕು. ಅಲ್ಲಿಯ ಕೋಟೆಯ ಹಿಂದೆ ಒಂದು ಜಿಂಕೆಯ ಕಥೆಯಿದೆ.

ಛತ್ರಪತಿ ಶಾಹುವಿನ ಸೇನಾಪತಿಯಾಗಿದ್ದವನು ಧನಾಜಿ ಜಾಧವ. ಶಿವಾಜಿಯ ತಾಯಿ ಜೀಜಾಬಾಯಿಯ ತವರಾದ ಸಿಂದಖೇಡದ ಜಾಧವರ ಮನೆತನ. ದೇವಗಿರಿಯ ಯಾದವರ ಕುಡಿಗಳು ತಾವೆಂದು ಅವರು ಹೇಳಿಕೊಳ್ಳುತ್ತಿದ್ದರು. ಧನಾಜಿಯ ತರುವಾಯ ಮಗ ಚಂದ್ರಸೇನನಿಗೆ ಸೇನಾಪತಿಯ ಪದವಿ ಬಂದಿತು. ಅದೇ ಕಾಲಕ್ಕೆ ಕೊಂಕಣದ ಒಬ್ಬ ಲೆಕ್ಕಪತ್ರದ ಅಧಿಕಾರಿ, ಬಾಳಾಜಿ ವಿಶ್ವನಾಥನೆಂಬವನು, ಶಾಹುವಿನ ಬಲಗೈಯಾಗಿ ಬೆಳೆಯುತ್ತಿದ್ದ. 1711ರಲ್ಲಿ ಇಬ್ಬರೂ ದಂಡಿನೊಡನೆ ಹೋಗುತ್ತಿದ್ದಾಗ ಬಾಳಾಜಿಯ ಕಡೆಯ ಸವಾರನೊಬ್ಬ ಅಟ್ಟಿಸಿಕೊಂಡು ಹೋದ ಜಿಂಕೆಯ ವಿಷಯದಲ್ಲಿ ಎರಡು ಕಡೆಯವರಿಗೂ ಜಗಳ ಹತ್ತಿತು. ಜಿಂಕೆ ನೆಪ, ಹೊಗೆಯಾಡುತ್ತಿದ್ದುದು ಅಧಿಕಾರದ ಮತ್ಸರ. ಬಾಳಾಜಿ ಪ್ರಾಣ ಉಳಿಸಿಕೊಂಡು ಓಡಬೇಕಾಯಿತು. ಶಾಹುವು ಬಾಳಾಜಿಯ ಪಕ್ಷ ಹಿಡಿದನು. ಚಂದ್ರಸೇನನು ಮುನಿದು ಮೊದಲು ತಾರಾಬಾಯಿಯ ಕಡೆಗೂ, 1713ರಲ್ಲಿ ಮೊಗಲರ ಸುಬೇದಾರನಾಗಿ ದಖ್ಖನ್ನಿಗೆ ಬಂದ ನಿಜಾಮ್-ಉಲ್-ಮುಲ್ಕನ ಕಡೆಗೂ ಹೊರಟುಹೋದನು. ಬಾಳಾಜಿಯು ಮುಂದೆ ಪೇಶ್ವೆಯಾದನು. ಚಂದ್ರಸೇನನಿಗೆ ನಿಜಾಮನಿಂದ ದೊಡ್ಡ ಜಹಗೀರು ದೊರೆಯಿತು. ಅದರ ಠಾಣೆಯೇ ನಮ್ಮ ಭಾಲ್ಕಿ. 1728ರಲ್ಲಿ ಪಾಲಖೇಡದಲ್ಲಿ ನಿಜಾಮನು ಪೇಶ್ವೆ ಬಾಜಿರಾಯನಿಂದ ಸೋಲುಂಡಾಗ ಚಂದ್ರಸೇನನು ನಿಜಾಮನ ಪಕ್ಷದಲ್ಲಿದ್ದನು. ಮರಾಠ ಸೇನಾಪತಿಯ ಮಗ ಮರಾಠರ ಎದುರು!

ಹೀಗೆ ಸರಹದ್ದಿನಲ್ಲಿ ಕುಳಿತ ಮನೆತನದ ಊರಿಗೇ ಎರಡು ರಾಜ್ಯಗಳು ಸಂಧಿಗಾಗಿ ಬಂದದ್ದು ಆಶ್ಚರ್ಯವಲ್ಲ. 1752ರ ಅಕ್ಟೋಬರಿನಲ್ಲಿ, ನಿಜಾಮಗಿರಿಗಾಗಿ ದೆಹಲಿಯಿಂದ ಬಂದಿದ್ದ ಹಿರಿಯ ಮಗ ಗಾಜಿಉದ್ದೀನನು ಔರಂಗಾಬಾದಿನಲ್ಲಿ ವಿಷಪ್ರಾಶನದಿಂದ ಸತ್ತನು. ಅವನು ಮರಾಠರಿಗೆ ಕೊಡುವೆನೆಂದು ಮಾತುಕೊಟ್ಟಿದ್ದ ನಾಡನ್ನು ಪೇಶ್ವೆ ಬಾಳಾಜಿ ಬಾಜಿರಾಯನು ತಮ್ಮನಾದ ಸಲಾಬತ್ ಜಂಗನಿಂದ ಬಲವಂತವಾಗಿ ಕೇಳಿದನು. ಸಲಾಬತ್ ಜಂಗನ ಬೆನ್ನಿಗೆ ಫ್ರೆಂಚ್ ಸೇನಾನಿ ಬುಸ್ಸಿ ಇದ್ದನು. ಕಡೆಗೆ ನವೆಂಬರಿನಲ್ಲಿ ಭಾಲ್ಕಿಯಲ್ಲಿ ಒಪ್ಪಂದವಾಗಿ ಪಶ್ಚಿಮ ವರ್ಹಾಡ, ಖಾನದೇಶ, ಬಾಗಲಾಣಗಳು ಮರಾಠರ ಪಾಲಾದುವು. ಹಿಂದೂಸ್ಥಾನದ ಇತಿಹಾಸದಲ್ಲಿ 'ಭಾಲ್ಕಿಯ ಸಂಧಿ' ಎಂದು ಹೆಸರಾದುದು ಇದೇ. ಪಾಣಿಪತ್ತು, ಪ್ಲಾಸಿಗಳ ಇಸವಿಯನ್ನು ಬಾಯಿಪಾಠ ಒಪ್ಪಿಸುವ ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ತನ್ನ ಮನೆಯಂಗಳದಲ್ಲಿ ನಡೆದ ಈ ಸಂಗತಿ ತಿಳಿದಿರುವುದಿಲ್ಲ. ತರಗತಿಯಲ್ಲಿ ಕೇಳಿದಾಗಲೆಲ್ಲ ನನಗೆ ದೊರೆತದ್ದು ಮೌನವೇ.

ಚಂದ್ರಸೇನನ ಮಗ ರಾಮಚಂದ್ರ ಜಾಧವನ ಬಾಳೂ ತಂದೆಯದರಂತೆ ಎರಡು ದೋಣಿಯ ಮೇಲಿನ ಪಯಣ. 1757ರ ಕೊನೆಗೆ, ನಿಜಾಮನ ನೆರವಿಗೆ ಹೊರಟಿದ್ದ ಅವನನ್ನು ಮರಾಠರು ಸಿಂದಖೇಡದಲ್ಲಿಯೇ ಮುತ್ತಿ ಕೂಡಿಹಾಕಿದರು. ಆ ಯುದ್ಧದ ಕೊನೆಗೆ ನಿಜಾಮನು ನಳದುರ್ಗವನ್ನು ಕಳೆದುಕೊಂಡನು. 1760ರ ಫೆಬ್ರವರಿಯಲ್ಲಿ ಉದಗೀರದ ರಣರಂಗದಲ್ಲಿ ಸದಾಶಿವರಾವ್ ಭಾವೂ ನಿಜಾಮನನ್ನು ಸೋಲಿಸಿದಾಗ ಫಿರಂಗಿಯ ಸದ್ದು ಈ ಬಯಲಿನ ನೆರೆಯಲ್ಲಿಯೇ ಮೊಳಗಿತು. ಮರುವರ್ಷ ಪಾಣಿಪತ್ತಿನಲ್ಲಿ ಮರಾಠರು ಕುಸಿದದ್ದನ್ನು ಕಂಡು ನಿಜಾಮ್ ಅಲಿಯು ಪುಣೆಯ ಮೇಲೆ ಏರಿಹೋಗುವಾಗ ಗೋದಾವರಿಯ ದಡದ ಟೋಕೆಯ ದೇವಾಲಯಗಳನ್ನು ಕೆಡವಿಸಿದನು. ಅದನ್ನು ಸಹಿಸದೆ ರಾಮಚಂದ್ರನು ಅವನನ್ನು ಬಿಟ್ಟು ಪೇಶ್ವೆಯನ್ನು ಸೇರಿದನು. ಎರಡು ಪ್ರಭುತ್ವಗಳ ನಡುವೆ ಸಿಕ್ಕಿದ ಮನೆತನಕ್ಕೆ ನಿಷ್ಠೆಯೆಂಬುದು ಒಂದೇ ಮಗ್ಗುಲಲ್ಲಿ ಮಲಗುವ ಸುಖವನ್ನು ಕೊಡಲಿಲ್ಲ. ಅವರನ್ನು ದ್ರೋಹಿಗಳೆಂದು ಕರೆಯುವುದು ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ಕುಳಿತು ಇತಿಹಾಸ ಬರೆಯುವವರಿಗೆ ಸುಲಭ. ಭಾಲ್ಕಿಯಿಂದ ನೋಡಿದರೆ ಹಾಗೆ ಕಾಣುವುದಿಲ್ಲ.

ಭಾಲ್ಕಿಯ ಕೋಟೆಯನ್ನು ರಾಮಚಂದ್ರ ಜಾಧವ, ಧನಾಜಿ ಜಾಧವರು 1820ರಿಂದ 1850ರೊಳಗೆ ಕಟ್ಟಿಸಿದರೆಂದು ಪ್ರವಾಸದ ಕೈಪಿಡಿಗಳಲ್ಲಿ ಬರೆದಿದೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ಮನೆತನಗಳ ವಾಡಿಕೆಯಾದುದರಿಂದ ಈ ಹೆಸರಿನವರು ಆಗಲೂ ಇರಬಹುದು. ಆದರೆ ನೂರು ವರ್ಷಗಳ ಹಿಂದೆಯೇ ಜಹಗೀರಿನ ಠಾಣೆಯಾಗಿ, ಸಂಧಿಗೆ ಎಡೆಯಾದ ಊರು ಅಲ್ಲಿಯವರೆಗೆ ಗೋಡೆಯಿಲ್ಲದೆ ಬಯಲಾಗಿದ್ದಿತೆಂದು ನಾನು ನಂಬಲಾರೆ. ಮಣ್ಣಿನ ಗೋಡೆಯನ್ನು ಪ್ರತಿ ತಲೆಮಾರೂ ಮೆತ್ತುತ್ತದೆ; ಕಡೆಯಲ್ಲಿ ಮೆತ್ತಿದವರ ಹೆಸರೇ ಜನರ ನಾಲಗೆಯ ಮೇಲೆ ಉಳಿಯುತ್ತದೆ. ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿಯೂ ಒಂದು ಕೋಟೆಯಿದೆ. ಬೀದರದಿಂದ ಭಾಲ್ಕಿ, ಕಮಲನಗರಗಳನ್ನು ಹಾಯ್ದು ಉದಗೀರಕ್ಕೆ ಹೋಗುವ ರೈಲಿನಲ್ಲಿ ಕುಳಿತವರು ಅರ್ಧ ದಿನದೊಳಗೆ ಅರಸನ ಕೋಟೆ, ಜಹಗೀರುದಾರನ ಕೋಟೆ, ನಡುನಡುವೆ ಹಳ್ಳಿಯ ಗಢಿ ಎಂಬ ಮೂರು ಅಂತಸ್ತುಗಳನ್ನೂ ನೋಡಿ ಬರಬಹುದು.

ಇನ್ನು ಹಳ್ಳಿಯ ಗಢಿಯ ಒಳಗೆ ಹೋಗೋಣ. ದೊಡ್ಡ ಬಾಗಿಲು, ಅದರಲ್ಲಿ ಒಬ್ಬನೇ ತಲೆ ಬಗ್ಗಿಸಿ ನುಗ್ಗಬಹುದಾದ ದಿಂಡಿಬಾಗಿಲು. ಒಳಹೊಕ್ಕವನಿಗೆ ನೇರವಾಗಿ ದಾರಿ ಇಲ್ಲ, ಗೋಡೆ ಅಡ್ಡ ಬಂದು ತಿರುವು. ಅಂಗಳದಲ್ಲಿ ಬಾವಿ, ಅದಿಲ್ಲದ ಗಢಿ ಮುತ್ತಿಗೆಯ ಮೂರನೆಯ ದಿನಕ್ಕೆ ಬಾಯಿ ಬಿಡಬೇಕು. ನೆಲದಡಿಯಲ್ಲಿ ಜೋಳ ತುಂಬುವ ಹಗೇವು. ದನಕರುಗಳಿಗೆ ಎಡೆ. ಹಿಂಬದಿಯಲ್ಲಿ ಒಡೆಯನ ವಾಡೆ. 1817–18ರಲ್ಲಿ ಪಿಂಡಾರಿಗಳನ್ನು ಅಡಗಿಸುವವರೆಗೆ ದಖ್ಖನ್ನಿನ ಹಳ್ಳಿಗಳಿಗೆ ಸುಗ್ಗಿ ಮುಗಿದರೆ ಸವಾರರ ಭಯ. ಹುಡೆಯ ಮೇಲಿನ ತಳವಾರನು ದೂರದ ಧೂಳನ್ನು ಕಂಡು ಕೂಗಿದರೆ ಹೆಂಗಸರು ಮಕ್ಕಳು, ದನಕರು, ಹೊರಲಾದಷ್ಟು ಕಾಳು, ಎಲ್ಲವೂ ಗಢಿಯೊಳಗೆ. ಕೊಳ್ಳೆಗಾರನಿಗೆ ಹೊತ್ತು ಕಡಿಮೆ. ಎರಡು ದಿನ ಬಾಗಿಲು ಭದ್ರವಾಗಿ ನಿಂತರೆ ಅವನು ಮುಂದಿನ ಊರಿಗೆ ಹೋಗುತ್ತಾನೆ.

ಇದು ಗಢಿಯ ಒಂದು ಮುಖ. ಇನ್ನೊಂದು ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. ಆ ಗೋಡೆಯ ಒಂದೊಂದು ಬುಟ್ಟಿ ಮಣ್ಣನ್ನೂ ಹೊತ್ತವರು ಬಿಟ್ಟಿ ಬೇಗಾರಿಯ ಜನ. ಕೂಲಿ ಇಲ್ಲ; ಹೊಲೆಯ ಮಾದಿಗರ ಕೇರಿಗಳಿಂದ ಮೊದಲ ಕರೆ. ಅವರು ಕಟ್ಟಿದ ಗಢಿಯೊಳಗೆ ಆಪತ್ಕಾಲದಲ್ಲಿ ಅವರಿಗೆ ದೊರೆಯುತ್ತಿದ್ದ ಎಡೆಯಾದರೂ ಎಲ್ಲರಿಗಿಂತ ಹಿಂದೆ. ಸರಕಾರಕ್ಕೆ ಹಣ ಕಟ್ಟುವ ಗುತ್ತಿಗೆ ಹಿಡಿದ ದೇಶಮುಖನು ಗಢಿಯಲ್ಲಿ ಅರಬ, ರೋಹಿಲ್ಲಾ ಸಿಪಾಯಿಗಳನ್ನು ಇಟ್ಟುಕೊಂಡಿದ್ದರೆ ಅವರ ಬಂದೂಕು ಹೊರಗಿನ ಕಳ್ಳನ ಕಡೆಗೆ ಮಾತ್ರ ತಿರುಗುತ್ತಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯ ಅರ್ಥ ಈ ಸೀಮೆಯ ರೈತನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗಢಿಗಳನ್ನು ಹಾಳುಮಾಡಿದ್ದು ಫಿರಂಗಿಯಲ್ಲ, ದಫ್ತರ. 1853ರಲ್ಲಿ ದಿವಾನನಾದ ಮೊದಲನೆಯ ಸಾಲಾರ್ ಜಂಗನು ಕಂದಾಯದ ಗುತ್ತಿಗೆಯನ್ನು ತೆಗೆದುಹಾಕುತ್ತ ಬಂದನು. 1865ರ ಜಿಲಾಬಂದಿಯಿಂದ ಸಂಸ್ಥಾನದಲ್ಲಿ ಜಿಲ್ಲೆಗಳೂ ತಾಲೂಕುಗಳೂ, ಸಂಬಳದ ಅಧಿಕಾರಿಗಳೂ ಬಂದರು. ದೇಶಮುಖನಿಗೆ ಅಧಿಕಾರದ ಬದಲು 'ರುಸೂಮು' ಎಂಬ ನಗದು ಸಿಕ್ಕತೊಡಗಿತು. ಕಂದಾಯ ಕಟ್ಟಲು ಜನ ಕಚೇರಿಗೆ ಹೋಗುವಾಗ ಹುಡೆಯ ಮೇಲೆ ಕಾವಲೇಕೆ? ಕಾವಲಿಲ್ಲದ ಗೋಡೆಗೆ ಮಣ್ಣು ಮೆತ್ತುವವರಾರು? 30 ಅಂಗುಲಕ್ಕೂ ಮಿಕ್ಕಿ ಮಳೆ ಬೀಳುವ ಈ ಜಿಲ್ಲೆಯಲ್ಲಿ ನೆತ್ತಿಯ ಹೊದಿಕೆ ಒಡೆದ ಮಣ್ಣಿನ ಗೋಡೆ ಬಹುಕಾಲ ನಿಲ್ಲುವುದಿಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮನ ಆಳಿಕೆ ಮುಗಿದು, 1949ರಲ್ಲಿ ಜಹಗೀರುಗಳು ರದ್ದಾದುವು. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದುಗಳು ಕನ್ನಡ ನಾಡಿಗೂ ಉದಗೀರವು ಮುಂಬಯಿ ರಾಜ್ಯಕ್ಕೂ ಹೋದುವು. ಜಾಧವರ ಭಾಲ್ಕಿ ಒಂದು ರಾಜ್ಯದಲ್ಲಿ, ಅವರು ಕಾದಾಡಿದ ಬಯಲುಗಳು ಇನ್ನೊಂದರಲ್ಲಿ. ಕಾಗದಪತ್ರಗಳು ಹೈದರಾಬಾದಿನಲ್ಲಿ, ಪುಣೆಯಲ್ಲಿ, ಫಾರಸಿಯಲ್ಲಿ, ಮೋಡಿ ಲಿಪಿಯಲ್ಲಿ. ಇವುಗಳನ್ನೆಲ್ಲ ಓದಬಲ್ಲ ಒಬ್ಬ ವಿದ್ಯಾರ್ಥಿ ನಮ್ಮ ಜಿಲ್ಲೆಯಿಂದ ಹೊರಡಬೇಕೆಂಬುದು ನನ್ನ ಬಹುದಿನದ ಆಸೆ.

ಈಗ ಉಳಿದಿರುವುದೂ ಉಳಿಯುವಂತಿಲ್ಲ. ಕಾರಣ ಬಹಳ ಸರಳವಾದುದು: ಆ ಮಣ್ಣು ಒಳ್ಳೆಯ ಮಣ್ಣು. ಬಡಗಣ ಸೀಮೆಯ ಮಾಳಿಗೆ ಮನೆಗೆ ಮೃಗಶಿರ ಮಳೆಗೆ ಮುಂಚೆ ಮೇಲ್ಮುದ್ದೆ ಹಾಕಲು ಹಾಳುಮಣ್ಣಿಗಿಂತ ಉತ್ತಮವಾದುದಿಲ್ಲ, ನೀರು ಸೋರಗೊಡುವುದಿಲ್ಲ. ಹೊಲಕ್ಕೆ ಚೆಲ್ಲಿದರೆ ಗೊಬ್ಬರ. ಹೀಗೆ ನೂರು ವರ್ಷ ಬುಟ್ಟಿಬುಟ್ಟಿಯಾಗಿ ಗಢಿಯು ಊರಿನ ಮನೆಗಳ ಮೇಲೇರಿತು. ಬಿಟ್ಟಿಯಲ್ಲಿ ಹೊತ್ತವರ ಮೊಮ್ಮಕ್ಕಳು ಅದೇ ಮಣ್ಣನ್ನು ತಮ್ಮ ಮಾಳಿಗೆಗೆ ಹೊತ್ತರೆಂದರೆ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಈಚಿನ ಮಾತೇ ಬೇರೆ. ಸಿಮೆಂಟಿನ ತಾರಸಿ ಬಂದ ಮೇಲೆ ಆ ಮಣ್ಣು ಮನೆಗೆ ಬೇಡ. ಬೇಕಾಗಿರುವುದು ಗಢಿಯ ಜಾಗ. ಬುಟ್ಟಿ ನೂರು ವರ್ಷದಲ್ಲಿ ಮಾಡದ ಕೆಲಸವನ್ನು ಅಗೆಯುವ ಯಂತ್ರವು ಒಂದು ಮುಂಜಾನೆ ಮಾಡಿ ಮುಗಿಸುತ್ತದೆ. ಬೀದರದ ಕೋಟೆಗೆ ಕೇಂದ್ರ ಸರ್ಕಾರದ ರಕ್ಷಣೆಯಿದೆ, ಫಲಕವಿದೆ, ಕಾವಲಿದೆ. ಮಣ್ಣಿನ ದಿಬ್ಬಕ್ಕೆ ಯಾರು ಫಲಕ ಹಾಕುತ್ತಾರೆ? ನಿಧಿಯ ಆಸೆಗೆ ಅಮಾವಾಸ್ಯೆಯ ರಾತ್ರಿ ಹಗೇವುಗಳನ್ನು ಬಗೆದುಹಾಕುವವರ ಕಾಟ ಬೇರೆ.

ತಮ್ಮ ಊರಿನಲ್ಲಿಯೋ ತಮ್ಮ ತಾಯಿಯವರ ತವರಿನಲ್ಲಿಯೋ ಇಂಥ ಗಢಿಯೊಂದು ಇದ್ದರೆ ಒಮ್ಮೆ ಹೋಗಿ ನೋಡಬೇಕೆಂದು ಬೇಡುತ್ತೇನೆ. ದೊಡ್ಡ ವಿದ್ವತ್ತೇನೂ ಬೇಡ. ಒಂದು ಹಗ್ಗದಿಂದ ಸುತ್ತಳತೆ ಅಳೆಯಬಹುದು; ಹುಡೆಗಳೆಷ್ಟು, ಬಾಗಿಲು ಯಾವ ದಿಕ್ಕಿಗೆ, ಬಾವಿ ಎಲ್ಲಿ ಎಂದು ಬರೆದುಕೊಳ್ಳಬಹುದು. ಪಾಯದ ಕಲ್ಲುಗಳಲ್ಲಿ ಹಳೆಯ ಗುಡಿಯ ಕಂಬವೋ ಅಕ್ಷರವಿರುವ ಕಲ್ಲೋ ಸೇರಿಕೊಂಡಿದೆಯೇ ಎಂದು ಮುಖ್ಯವಾಗಿ ನೋಡಬೇಕು. ಪ್ರತಿ ಹುಡೆಗೂ ಊರವರು ಇಟ್ಟ ಹೆಸರು ಇರುತ್ತದೆ; ಅದನ್ನು ಬಲ್ಲವರು ಎಂಬತ್ತು ದಾಟಿದ ಅಜ್ಜ ಅಜ್ಜಿಯರು ಮಾತ್ರ. ಹೋಗುವುದಾದರೆ ಬೇಸಿಗೆಯಲ್ಲಿ, ಮೃಗಶಿರಕ್ಕೆ ಮುಂಚೆಯೇ ಹೋಗುವುದು ಲೇಸು. ಮಳೆ ಬಿದ್ದು ಹುಲ್ಲು ಎದ್ದರೆ ಗೋಡೆಯ ವರಸೆಗಳು ಕಾಣುವುದಿಲ್ಲ. ಹಾವುಗಳ ಭಯವೂ ಇರುತ್ತದೆ.